ಹದಿನೇಳನೆಯ ವಾರದ ಮುಖಪುಟ

1994ರ ಏಪ್ರಿಲ್ 6ರ ರಾತ್ರಿ ಕಿಗಾಲಿಯಲ್ಲಿ ರುವಾಂಡಾ ಅಧ್ಯಕ್ಷರ ವಿಮಾನವನ್ನು ಹೊಡೆದುರುಳಿಸಿದರು. ಬೆನ್ನಿಗೇ ಅಲ್ಲಿನ ಟುಟ್ಸಿ ಸಮುದಾಯದವರ ಕಗ್ಗೊಲೆ ಶುರುವಾಯಿತು. ಸುಮಾರು 100 ದಿನಗಳಲ್ಲಿ ಸತ್ತವರು 8 ಲಕ್ಷವೆಂದು ಒಂದು ಲೆಕ್ಕ, 10 ಲಕ್ಷವೆಂದು ಇನ್ನೊಂದು.

ಆ ವಾರಗಳಲ್ಲಿ ಅಮೆರಿಕದ ‘ನ್ಯೂಸ್‌ವೀಕ್’ ಮುಖಪುಟದಲ್ಲಿ ಯಾರಿದ್ದರು? ಚಿಲಿಯಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ನೆಲೆಸಿದ ಕಲಾವಿದ ಆಲ್ಫ್ರೆಡೊ ಜಾರ್ ಈ ಪ್ರಶ್ನೆಯನ್ನೇ ಕಲಾಕೃತಿಯಾಗಿಸಿದರು. ಪತ್ರಿಕೆಯ 17 ಮುಖಪುಟಗಳನ್ನು ಪ್ರಕಟವಾದ ಕ್ರಮದಲ್ಲೇ ಸಾಲಾಗಿ ಇಟ್ಟರು. ಕೊಲೆ ಆರೋಪ ಹೊತ್ತ ಮಾಜಿ ಫುಟ್‌ಬಾಲ್ ಆಟಗಾರ ಒ.ಜೆ. ಸಿಂಪ್ಸನ್ ಇದ್ದಾನೆ, ಅಧ್ಯಕ್ಷ ಕೆನಡಿಯವರ ಪತ್ನಿಯಾಗಿದ್ದ ಜಾಕ್ವೆಲಿನ್ ಇದ್ದಾರೆ. ಪ್ರತಿಯೊಂದರ ಕೆಳಗೆ, ಆ ವಾರ ರುವಾಂಡಾದಲ್ಲಿ ಏನಾಯಿತೆಂಬ ವಿವರ, ನಿರ್ಭಾವದ ಮಾತಿನಲ್ಲಿ. ರುವಾಂಡಾ ಮುಖಪುಟಕ್ಕೆ ಬಂದದ್ದು ಹದಿನೇಳನೆಯ ಸಂಚಿಕೆಯಲ್ಲಿ, ಆಗಸ್ಟ್ 1ರಂದು. ಅಷ್ಟರಲ್ಲಿ ನರಮೇಧ ಮುಗಿದಿತ್ತು. ಒಳಪುಟಗಳಲ್ಲಿ ವರದಿಗಳು ಬರಲೇ ಇಲ್ಲವೆಂದಲ್ಲ. ಆದರೆ ಆ ವಾರ ಜಗತ್ತಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಯಾವುದೆಂದು ಸಂಪಾದಕರು ಹೇಳುವ ಜಾಗ ಮುಖಪುಟ. ಜಾರ್ ತಮ್ಮದೊಂದು ಗೆರೆಯನ್ನೂ ಎಳೆಯದೆ, ಬರೀ ಜೋಡಣೆಯಿಂದಲೇ ಅದನ್ನು ಕಟಕಟೆಗೆ ತಂದು ನಿಲ್ಲಿಸಿದರು. ಯುದ್ಧ ಕುರಿತ ಕಲೆಯಲ್ಲಿ ಇಷ್ಟು ನೇರವಾದ ಆಪಾದನೆ ಅಪರೂಪ.

ಅದೇ ಆಗಸ್ಟ್‌ನಲ್ಲಿ ಅವರು ರುವಾಂಡಾಕ್ಕೆ ಹೋಗಿ ಸಾವಿರಾರು ಫೋಟೊ ತೆಗೆದರು. 1995ರ ‘ರಿಯಲ್ ಪಿಕ್ಚರ್ಸ್’ನಲ್ಲಿ ಅವುಗಳಲ್ಲಿ ಒಂದೂ ಕಣ್ಣಿಗೆ ಬೀಳುವುದಿಲ್ಲ. ಆಯ್ದ ಚಿತ್ರಗಳನ್ನು ಕಪ್ಪು ಪೆಟ್ಟಿಗೆಗಳಲ್ಲಿ ಮುಚ್ಚಿ, ಒಳಗೇನಿದೆಯೆಂದು ಮುಚ್ಚಳದ ಮೇಲೆ ಬರೆದರು. ಮಂದ ಬೆಳಕಿನಲ್ಲಿ ಆ ಪೆಟ್ಟಿಗೆಗಳನ್ನು ಸಮಾಧಿಗಳಂತೆ ಪೇರಿಸಿದರು. ನೋಡಲು ಬಂದವರು ಓದಬೇಕು, ಓದಿದ್ದನ್ನು ತಾವೇ ಕಲ್ಪಿಸಿಕೊಳ್ಳಬೇಕು.

ಇದಕ್ಕೊಂದು ಆಕ್ಷೇಪ ಹುಟ್ಟುವುದು ಸಹಜ: ಪತ್ರಿಕೆ ತೋರಿಸಲಿಲ್ಲವೆಂದು ದೂರಿದವರು ತಾವೂ ಮುಚ್ಚಿಟ್ಟರೆ ಹೇಗೆ? ನನಗೆ ಈ ಆಕ್ಷೇಪ ಒಪ್ಪಿಗೆಯಿಲ್ಲ. ಹೆಣಗಳ ಚಿತ್ರಗಳು ಜಗತ್ತನ್ನು ಮುಟ್ಟಿದ್ದವು; ಅವನ್ನು ನೋಡಿಯೂ ಯಾರೂ ಕೊಲೆಯನ್ನು ತಡೆಯಲಿಲ್ಲ. ಅಂಥದೇ ಇನ್ನಷ್ಟು ಚಿತ್ರಗಳನ್ನು ತೂಗುಹಾಕಿದ್ದರೆ ಸತ್ತವರಿಗೆ ಇನ್ನೊಮ್ಮೆ ಅವಮಾನವಾಗುತ್ತಿತ್ತು, ಅಷ್ಟೇ.

ಮರುವರ್ಷ, 1996ರಲ್ಲಿ, ಜಾರ್ ಒಂದೇ ಜೋಡಿ ಕಣ್ಣುಗಳನ್ನು ಆರಿಸಿಕೊಂಡರು. ರುವಾಂಡಾದ ಎನ್ತರಾಮಾದ ಚರ್ಚಿನಲ್ಲಿ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ತನ್ನೆದುರೇ ಕಳೆದುಕೊಂಡ, ಮಗಳೊಂದಿಗೆ ಜೌಗಿನಲ್ಲಿ ಅಡಗಿ ಬದುಕುಳಿದ ಹೆಂಗಸಿನ ಕಣ್ಣುಗಳು. ಆ ಕಣ್ಣುಗಳದೇ ಹತ್ತು ಲಕ್ಷ ಸ್ಲೈಡುಗಳು ಬೆಳಕಿನ ಮೇಜಿನ ಮೇಲೆ ರಾಶಿ ಬಿದ್ದಿರುತ್ತವೆ. ಸತ್ತವರು ಹತ್ತು ಲಕ್ಷವೆಂಬ ಲೆಕ್ಕಕ್ಕೆ ಸರಿಯಾಗಿ, ತಲೆಗೊಂದು. ಪಕ್ಕದಲ್ಲಿ ಭೂತಗನ್ನಡಿಗಳಿರುತ್ತವೆ. ದೂರದಿಂದ ನೋಡಿದವರಿಗೆ ಅದು ಸ್ಲೈಡುಗಳ ಗುಡ್ಡೆ ಮಾತ್ರ. ಬಾಗಿ ಒಂದನ್ನು ಕೈಗೆತ್ತಿಕೊಂಡವರನ್ನು ಆಕೆ ನೋಡುತ್ತಾಳೆ.