ಎರೆ ಕುಡಿಯುವ ಬಗೆ, ಮಸಾರಿ ಕುಡಿಯುವ ಬಗೆ

ಬಯಲುಸೀಮೆಯಲ್ಲಿ ಬರದ ಮಾತು ಬಂದಾಗಲೆಲ್ಲ ಮಳೆ ಎಷ್ಟು ಬಿತ್ತು ಎಂದು ಕೇಳುತ್ತೇವೆ. ಬಿದ್ದ ಮಳೆಯನ್ನು ಮಣ್ಣು ಎಷ್ಟು ಬೇಗ ಒಳಗೆಳೆದುಕೊಂಡಿತು ಎಂದು ಕೇಳುವವರು ಕಡಿಮೆ. ಗಂಟೆಗೆ 40 ಮಿ.ಮೀ. ಬಿರುಸಿನಲ್ಲಿ ಮಳೆ ಸುರಿಯುತ್ತಿರುವಾಗ ನೆಲ 5 ಮಿ.ಮೀ. ಮಾತ್ರ ಇಂಗಿಸಿಕೊಂಡರೆ, ಒಂದು ಎಕರೆಯಿಂದ ಒಂದೇ ಗಂಟೆಯಲ್ಲಿ ಸುಮಾರು 1.4 ಲಕ್ಷ ಲೀಟರ್ ನೀರು ಹರಿದುಹೋಗುತ್ತದೆ. ಅಷ್ಟೇ ಮಳೆ ಇಡೀ ಹಗಲು ಜಿನುಗಿದ್ದರೆ ಹೆಚ್ಚುಕಡಿಮೆ ಎಲ್ಲವೂ ಹೊಲದಲ್ಲೇ ಉಳಿಯುತ್ತಿತ್ತು. ಮಳೆಯ ಬಿರುಸಿಗೂ ಮಣ್ಣಿನ ವೇಗಕ್ಕೂ ಇರುವ ಈ ಪೈಪೋಟಿಯನ್ನು ಅಮೆರಿಕದ ಜಲವಿಜ್ಞಾನಿ ರಾಬರ್ಟ್ ಹಾರ್ಟನ್ 1933ರಲ್ಲೇ ವಿವರಿಸಿದ್ದ. ಆದರೂ ನೀರಿಂಗಿಸುವ ನಮ್ಮ ಯೋಜನೆಗಳು ಎಲ್ಲ ಮಣ್ಣಿಗೂ ಒಂದೇ ಮದ್ದು ಬರೆಯುವುದನ್ನು ಬಿಟ್ಟಿಲ್ಲ. ಕರ್ನಾಟಕದ ಕಪ್ಪು ನೆಲ ಮತ್ತು ಕೆಂಪು ನೆಲಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಆ ಮದ್ದು ಏಕೆ ನಾಟುವುದಿಲ್ಲ ಎಂಬುದು ತಿಳಿಯುತ್ತದೆ.

ಮಣ್ಣಿನ ಕಣಗಳ ನಡುವಿನ ಸಂದುಗಳೇ ನೀರಿನ ದಾರಿ. ಒಟ್ಟು ಸಂದುಗಳ ಲೆಕ್ಕ ಹಾಕಿದರೆ ಮರಳಿಗಿಂತ ಜೇಡಿಯಲ್ಲೇ ಹೆಚ್ಚು ಖಾಲಿ ಜಾಗವಿದೆ. ಆದರೆ ಹರಿವನ್ನು ನಿರ್ಧರಿಸುವುದು ಒಂದೊಂದು ಸಂದಿನ ಅಗಲ. ಕೊಳವೆಯ ಅಗಲ ಹತ್ತು ಪಟ್ಟು ಹೆಚ್ಚಿದರೆ ಅದರಲ್ಲಿ ಹರಿಯುವ ನೀರು ಹತ್ತು ಸಾವಿರ ಪಟ್ಟು ಹೆಚ್ಚುತ್ತದೆ. ಹೀಗಾಗಿ ನೆನೆದ ಮರಳು ಗಂಟೆಗೆ 30 ಮಿ.ಮೀ.ಗಿಂತ ಹೆಚ್ಚು ನೀರನ್ನು ಕೆಳಗಿಳಿಸಿದರೆ, ಜೇಡಿ ಇಳಿಸುವುದು 1ರಿಂದ 5 ಮಿ.ಮೀ. ಅಷ್ಟೇ. ಕಿರಿದಾದ ಸಂದಿಗೆ ಇನ್ನೊಂದು ಗುಣವೂ ಇದೆ: ಅದು ನೀರನ್ನು ಬಿಗಿಯಾಗಿ ಹಿಡಿದಿಡುತ್ತದೆ, ಪಕ್ಕಕ್ಕೂ ಮೇಲಕ್ಕೂ ಎಳೆಯುತ್ತದೆ. ಮಣ್ಣೊಳಗಿನ ನೀರು ಬರೀ ಇಳಿಜಾರನ್ನು ಹುಡುಕಿ ಹೋಗುವುದಿಲ್ಲ. ಒಣಗಿದ ಸಣ್ಣ ಸಂದು ಸಿಕ್ಕಲ್ಲಿಗೆ ಹೋಗುತ್ತದೆ.

ವಿಜಯಪುರ, ಕಲಬುರಗಿ, ರಾಯಚೂರುಗಳ ಕಪ್ಪು ಎರೆ ನೆಲದಲ್ಲಿ ಈ ಎರಡೂ ಗುಣ ತುದಿ ಮುಟ್ಟಿವೆ. ಒಂದು ಮೀಟರ್ ಆಳದ ಎರೆ ಬೆಳೆಗೆ ದಕ್ಕುವಂಥ ಸುಮಾರು 200 ಮಿ.ಮೀ. ನೀರನ್ನು ಹಿಡಿದಿಡಬಲ್ಲದು. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬಿತ್ತಿದ ಹಿಂಗಾರಿ ಜೋಳ ಮುಂದೆ ಮಳೆಯಿಲ್ಲದೆಯೂ ತೆನೆ ಕಟ್ಟುವುದು ಆ ಹಸಿಯ ಬಲದಿಂದ. ಹಿಡಿದಿಡುವುದರಲ್ಲಿ ಎರೆಗೆ ಸಾಟಿಯಿಲ್ಲ ನಿಜ, ಆದರೆ ಒಳಗೆ ಬಿಡುವುದರಲ್ಲಿ ಅದರಷ್ಟು ನಿಧಾನಿ ಇನ್ನೊಂದಿಲ್ಲ. ಬೇಸಿಗೆಯಲ್ಲಿ ಕಾಲು ಸಿಕ್ಕಿಬೀಳುವಂಥ ಬಿರುಕು ಬಿಡುವ ಹೊಲ ನಿಧಾನಿ ಹೇಗಾದೀತು ಎಂದು ಕೇಳಬಹುದು. ಕೇಳತಕ್ಕ ಮಾತೇ. ಮುಂಗಾರಿನ ಮೊದಲ ಮಳೆಗಳನ್ನು ಆ ಬಿರುಕುಗಳು ಗಟಗಟನೆ ನುಂಗುತ್ತವೆ. ಆದರೆ ಎರೆಯಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ನೆನೆದಂತೆ ಉಬ್ಬಿ ಆ ಬಾಯಿಗಳನ್ನೆಲ್ಲ ಮುಚ್ಚಿಬಿಡುತ್ತದೆ. ಉತ್ತರ ಒಳನಾಡಿನಲ್ಲಿ ಮಳೆ ಹೆಚ್ಚು ಸುರಿಯುವುದು ಸೆಪ್ಟೆಂಬರ್‌ನಲ್ಲಿ, ಅಂದರೆ ಬಿರುಕು ಮುಚ್ಚಿದ ಮೇಲೆ.

ಕೆಂಪು ಮಸಾರಿಯ ಕತೆ ಬೇರೆ. ಮರಳು ಬೆರೆತ ಈ ಮಣ್ಣು ಸರಾಗವಾಗಿ ನೀರು ಕುಡಿಯಬೇಕು, ಕಣಗಳ ಲೆಕ್ಕ ಹೇಳುವುದು ಹಾಗೆಯೇ. ವಾಸ್ತವದಲ್ಲಿ ಉತ್ತು ಬರಿದಾಗಿ ಬಿಟ್ಟ ಮಸಾರಿಯಿಂದ ಎಷ್ಟೋ ಸಲ ಎರೆಗಿಂತಲೂ ಹೆಚ್ಚು ನೀರು ಓಡಿಹೋಗುತ್ತದೆ. ದೋಷವಿರುವುದು ಮೇಲಿನ ಕೆಲವೇ ಮಿಲಿಮೀಟರ್‌ಗಳಲ್ಲಿ. ದಪ್ಪ ಮಳೆಹನಿ ನೆಲಕ್ಕೆ ಅಪ್ಪಳಿಸುವ ವೇಗ ಸೆಕೆಂಡಿಗೆ ಸುಮಾರು 9 ಮೀಟರ್. ಸಾವಯವ ಅಂಶ ಕಡಿಮೆಯಾದ ಮಸಾರಿಯ ಹೆಂಟೆಗಳು ಆ ಹೊಡೆತಕ್ಕೆ ಒಡೆದು, ನುಣ್ಣನೆಯ ಕಣಗಳು ಸಂದುಗಳಿಗೆ ಮೆತ್ತಿಕೊಂಡು, ಒಣಗಿದಾಗ ಗಟ್ಟಿ ಹೊಪ್ಪಳೆಯಾಗುತ್ತವೆ. ಮೊಳಕೆಯೂ ಅದನ್ನು ಸೀಳಿ ಮೇಲೇಳಲು ತಿಣುಕುತ್ತದೆ. ಇಲ್ಲಿ ಬೇಕಾದದ್ದು ದೊಡ್ಡ ಕಾಮಗಾರಿಯಲ್ಲ. ಕಸಕಡ್ಡಿಯ ಹೊದಿಕೆ, ಗೊಬ್ಬರ, ಮಳೆಯ ನಡುವೆ ಎಡೆಕುಂಟೆ ಹೊಡೆಯುವುದು, ಹೊಪ್ಪಳೆ ಕಟ್ಟದಂತೆ ತಡೆಯುವ ಯಾವುದಾದರೂ ಸರಿ.

ಈ ವ್ಯತ್ಯಾಸ ಮರೆತಾಗ ಆಗುವ ನಷ್ಟವನ್ನು ಒಡ್ಡುಗಳಲ್ಲಿ ಕಾಣಬಹುದು. ಇಳಿಜಾರಿಗೆ ಅಡ್ಡಲಾಗಿ ಒಂದೇ ಮಟ್ಟದಲ್ಲಿ ಕಟ್ಟುವ ಸಮಪಾತಳಿ ಬದು ಮಸಾರಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ತಡೆದ ನೀರು ಅಲ್ಲೇ ಇಂಗುತ್ತದೆ. ಆಳವಾದ ಎರೆಯಲ್ಲಿ ಅದೇ ಬದುವಿನ ಹಿಂದೆ ನೀರು ದಿನಗಟ್ಟಲೆ ನಿಂತು ಬೆಳೆ ಕೊಳೆಯುತ್ತದೆ. ಬೇಸಿಗೆಯಲ್ಲಿ ಬದುವೇ ಬಿರುಕುಬಿಟ್ಟು ಮುಂದಿನ ಮಳೆಗೆ ಒಡೆಯುತ್ತದೆ. ಆದ್ದರಿಂದ ಎರೆಗೆ ಹೆಚ್ಚುವರಿ ನೀರನ್ನು ಮೆಲ್ಲನೆ ಸಾಗಹಾಕುವ ಸಣ್ಣ ಇಳುಕಲಿನ ಬದುಗಳೇ ಸರಿ. ಕಪ್ಪು, ಕೆಂಪು ಎರಡೂ ಮಣ್ಣು ಒಂದೇ ಆವರಣದಲ್ಲಿರುವ ಹೈದರಾಬಾದ್ ಬಳಿಯ ಪಟಾಂಚೆರುವಿನ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಕೂಡ ಎರೆಗೆಂದು ರೂಪಿಸಿದ್ದು ಅಗಲ ಮಡಿ ಮತ್ತು ಬಸಿಗಾಲುವೆಗಳ ಪದ್ಧತಿಯನ್ನು. ಬರದ ಸೀಮೆಯಲ್ಲಿ ಹೊಲದ ನೀರನ್ನು ಹೊರಗೆ ಬಿಡುವುದೇ ಎಂಬ ಆಕ್ಷೇಪ ಸಹಜ. ಹೊರಗೆ ಬಿಡುವುದೆಂದರೆ ಹಳ್ಳಕ್ಕೆ ಕಳೆಯುವುದಲ್ಲ, ಕೃಷಿ ಹೊಂಡಕ್ಕೆ ತುಂಬುವುದು. ಉಬ್ಬಿದ ಎರೆಯ ತಳದಲ್ಲಿ ನೀರು ಬಹುಕಾಲ ನಿಲ್ಲುತ್ತದೆ. ಮಸಾರಿಯ ಹೊಂಡ ಸೋರುತ್ತದೆ, ಆದರೆ ಆ ಸೋರಿಕೆಯೇ ಕೆಳಗಿನ ಶಿಥಿಲ ಶಿಲೆಗೆ ಇಳಿದು ಬಾವಿಗಳನ್ನು ಸಾಕುತ್ತದೆ. ಎರೆಯಲ್ಲಿ ಇಂಗುಗುಂಡಿ ತೋಡುವುದಾದರೆ ಅದು ಜೇಡಿಯನ್ನು ದಾಟಿ ಆ ಶಿಲೆಯನ್ನು ಮುಟ್ಟಲೇಬೇಕು. ಮುಟ್ಟದ ಗುಂಡಿ ಕೆಸರಿನ ತೊಟ್ಟಿ.

ಗದಗ, ಕೊಪ್ಪಳದ ಕಡೆಯ ರೈತರು ಎರೆ ಹೊಲದ ಮೇಲೆ ಹಳ್ಳದ ಉಸುಕು ಹರಡುತ್ತಾರಲ್ಲ, ಅದರ ಜಾಣ್ಮೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಉಸುಕು ಹನಿಯ ಹೊಡೆತ ತಡೆದು, ಹರಿವನ್ನು ನಿಧಾನಿಸಿ, ಎರೆಗೆ ಕುಡಿಯಲು ಸಮಯ ಕೊಡುತ್ತದೆ. ಬಿಸಿಲು ಬಂದಾಗ ಕೆಳಗಿನ ಕಿರಿದಾದ ಸಂದುಗಳು ಹಿಡಿದ ನೀರನ್ನು ಉಸುಕಿನ ಅಗಲ ಸಂದುಗಳು ಮೇಲಕ್ಕೆ ಎಳೆಯಲಾರವು, ಹಾಗಾಗಿ ಹಸಿ ಆರುವುದಿಲ್ಲ. ನಯವಾದ ಮಣ್ಣು ತುಂಬ ನೆನೆಯುವವರೆಗೆ ಪಕ್ಕದ ಒರಟು ಪದರಕ್ಕೆ ನೀರು ದಾಟದು ಎಂಬ ಇದೇ ತತ್ತ್ವವನ್ನು ಮಣ್ಣುವಿಜ್ಞಾನಿ ವಾಲ್ಟರ್ ಗಾರ್ಡನರ್ 1950ರ ದಶಕದ ಕೊನೆಯಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಚಲನಚಿತ್ರವಾಗಿಯೇ ತೋರಿಸಿದ್ದ. ಆದರೆ ಉಸುಕಿಗೂ ಮಿತಿಯಿದೆ. ಹಳ್ಳದ ಒಡಲಲ್ಲಿ ನೀರಿಂಗುವುದು ಆ ಉಸುಕಿನಿಂದಲೇ. ಅದನ್ನೆಲ್ಲ ಬಳಿದು ಹೊಲಕ್ಕೆ ಹೇರಿದರೆ ದಂಡೆಯ ಬಾವಿಗಳು ಸೊರಗುತ್ತವೆ. ಸಾವಿರಾರು ಎಕರೆಯ ಎರೆ ಬಯಲಿಗೆ ಅಷ್ಟು ಉಸುಕು ಸಿಗುವುದೂ ಇಲ್ಲ. ಅಲ್ಲಿ ಮುಂಗಾರಿಗೆ ಮೊದಲೇ ಚೌಕುಮಡಿ ಕಟ್ಟಿ, ಪ್ರತಿ ಮಳೆಯನ್ನೂ ಬಿದ್ದ ಜಾಗದಲ್ಲೇ ತೆಳ್ಳಗೆ ನಿಲ್ಲಿಸಿ, ಹಿಂಗಾರಿ ಬಿತ್ತನೆಯವರೆಗೆ ನಿಧಾನವಾಗಿ ಕುಡಿಸುವುದೇ ಆಗುವ ಕೆಲಸ.