ಎಕ್ಕದ ಗಿಡವೂ ಸಸ್ಯಸಂಗ್ರಹದ ಹಾಳೆಗಳೂ

ಸೇಡಂ, ಚಿತ್ತಾಪುರ, ಚಿಂಚೋಳಿಗಳ ಬೀಳುನೆಲಗಳಲ್ಲಿಯೂ ವಾಡಿ, ಶಹಾಬಾದಗಳ ಕಲ್ಲುಗಣಿಗಳ ಅಂಚಿನಲ್ಲಿಯೂ ಎಕ್ಕದ ಗಿಡವು ಯಾರ ಆರೈಕೆಯನ್ನೂ ಬಯಸದೆ ಬೆಳೆಯತಕ್ಕದ್ದು. ಆದರೆ ಗ್ರಂಥಗಳಲ್ಲಿ ಬರುವ ಎಕ್ಕವು ಯಾವ ಗಿಡವೆಂಬುದು ತೋರುವಷ್ಟು ಸುಲಭವಾದ ಪ್ರಶ್ನೆಯಲ್ಲ. ಈ ಒಂದು ಹೆಸರು ನಮ್ಮ ದೇಶದಲ್ಲಿ ಎರಡು ಜಾತಿಗಳಿಗೆ ಸಲ್ಲುತ್ತದೆ. ಕ್ಯಾಲೊಟ್ರೊಪಿಸ್ ಜೈಗ್ಯಾಂಟಿಯಾ ಎಂಬುದನ್ನು 1753ರಲ್ಲಿ ಲಿನೀಯಸನೂ, ಕ್ಯಾಲೊಟ್ರೊಪಿಸ್ ಪ್ರೊಸೆರಾ ಎಂಬುದನ್ನು 1789ರಲ್ಲಿ ಐಟನನೂ ಆಸ್ಕ್ಲೀಪಿಯಸ್ ಎಂಬ ಕುಲದಲ್ಲಿಟ್ಟು ಹೆಸರಿಸಿದರು. 1811ರಲ್ಲಿ ಇವೆರಡೂ ಈಗಿನ ಕುಲಕ್ಕೆ ಸೇರಿದುವು.

ನಮ್ಮ ಪೂರ್ವಿಕರು ಮಾಡಿದ ವಿಭಾಗಕ್ಕೆ ಹೂವಿನ ಬಣ್ಣವೇ ಆಧಾರ. ಅಮರಕೋಶವು ಅರ್ಕ, ಮಂದಾರ ಮೊದಲಾದ ಹೆಸರುಗಳನ್ನು ಹೇಳಿ, ಬಿಳಿಯದಕ್ಕೆ ಅಲರ್ಕವೆಂಬ ಬೇರೊಂದು ಹೆಸರನ್ನು ಕೊಡುತ್ತದೆ. ಜನರ ಮಾತಿನ ಬಿಳಿಎಕ್ಕವೂ ಇದೇ ಕ್ರಮದ್ದು. ಆದರೆ ಜೈಗ್ಯಾಂಟಿಯಾ ಒಂದರಲ್ಲಿಯೇ ಬಿಳಿಯ ಹೂವೂ ನೇರಿಳೆಯ ಹೂವೂ ಉಂಟು. ಆದಕಾರಣ ಸಸ್ಯಶಾಸ್ತ್ರಜ್ಞರು ಎಸಳಿನ ಆಕಾರವನ್ನು ಪ್ರಮಾಣವಾಗಿ ಹಿಡಿಯುತ್ತಾರೆ: ಜೈಗ್ಯಾಂಟಿಯಾದ ಎಸಳುಗಳು ಹರಡಿ ಹಿಂದಕ್ಕೆ ಬಾಗುವುವು, ಪ್ರೊಸೆರಾದವು ನೆಟ್ಟಗೆ ನಿಲ್ಲುವುವು.

ಹರ್ಬೇರಿಯಂ ಎಂಬ ಸಸ್ಯಸಂಗ್ರಹದ ಉಪಯೋಗವು ಇಲ್ಲಿಯೇ ವ್ಯಕ್ತವಾಗುತ್ತದೆ. ಅಲ್ಲಿ ಹೂವು ಎಲೆಗಳ ಸಹಿತ ಒಣಗಿಸಿದ ಕೊಂಬೆಯನ್ನು ಹಾಳೆಗೆ ಅಂಟಿಸಿ, ಸಿಕ್ಕಿದ ಸ್ಥಳ, ದಿನ, ಸಂಗ್ರಾಹಕನ ಹೆಸರು, ಕ್ರಮಸಂಖ್ಯೆಗಳನ್ನು ಚೀಟಿಯಲ್ಲಿ ಬರೆದಿಡುತ್ತಾರೆ. ಓಲೆಯ ಪ್ರತಿಗೆ ಲಿಪಿಕಾರನ ಸಮಾಪ್ತಿವಾಕ್ಯವು ಹೇಗೋ ಹಾಳೆಗೆ ಈ ಚೀಟಿಯು ಹಾಗೆ. ಒಣಗಿದ ಹೂವಿನಲ್ಲಿ ಬಣ್ಣವು ಮಾಸುತ್ತದೆ, ಆಕಾರವು ಉಳಿಯುತ್ತದೆ. ಗ್ರಂಥವು ಬಣ್ಣವನ್ನು ಹೇಳಿ ಜಾತಿಯನ್ನು ಹೇಳದು. ಹಾಳೆಯು ಜಾತಿಯನ್ನು ತಿಳಿಸಿ ಬಣ್ಣವನ್ನು ತಿಳಿಸದು. ಸಂಗ್ರಾಹಕನು ಹಸಿಹೂವನ್ನು ಕಂಡಾಗಲೇ ಬಣ್ಣವನ್ನು ಚೀಟಿಯಲ್ಲಿ ಬರೆದಿದ್ದರೆ ಮಾತ್ರ ಇವೆರಡೂ ಒಂದಕ್ಕೊಂದು ಕೂಡುವುವು.

ಈ ಪ್ರಾಂತಕ್ಕೆ ಇನ್ನೊಂದು ಕೊರತೆಯುಂಟು. ಕುಕ್ಕನು 1901ರಿಂದ 1908ರವರೆಗೆ ಮುಂಬಯಿ ಆಧಿಪತ್ಯದ ಸಸ್ಯವರ್ಣನೆಯನ್ನು ಪ್ರಕಟಿಸಿದನು. ಮದರಾಸು ಆಧಿಪತ್ಯದ್ದು ಗ್ಯಾಂಬಲನಿಂದ ಆರಂಭವಾಗಿ 1915ರಿಂದ 1936ರವರೆಗೆ ಹೊರಬಿದ್ದಿತು. ಸೇಡಂ, ಚಿಂಚೋಳಿಗಳು ಆಗ ನಿಜಾಮರ ಸಂಸ್ಥಾನದಲ್ಲಿದ್ದುದರಿಂದ ಎರಡು ಗ್ರಂಥಗಳ ಎಲ್ಲೆಗೂ ಹೊರಗೆ ಉಳಿದುವು. ಗಿಡಗಳು ರಾಜ್ಯಗಳ ಗಡಿಯನ್ನು ಅರಿಯವು. ಗಿಡಗಳ ಲೆಕ್ಕವು ಮಾತ್ರ ಆ ಗಡಿಯಲ್ಲಿಯೇ ನಿಂತಿತು. ಕಲಬುರಗಿಯಲ್ಲಿ ವಿಶ್ವವಿದ್ಯಾಲಯವು ಸ್ಥಾಪಿತವಾದುದು 1980ರಲ್ಲಿ. ಅದು ಜಿಲ್ಲೆಯ ಸಸ್ಯವರ್ಣನೆಯನ್ನು 2000ದಲ್ಲಿ ಪ್ರಕಟಿಸಿತು.

ಆದುದರಿಂದ ಈ ಸೀಮೆಯ ಹಾಳೆಯ ಮೇಲೆ ಜಿಲ್ಲೆಯ ಹೆಸರಷ್ಟೇ ಇದ್ದರೆ ಸಾಲದು. ಶಹಾಬಾದದ ಸುಣ್ಣಕಲ್ಲಿನ ನೆಲವೇ ಬೇರೆ, ಚಿಂಚೋಳಿಯ ಕಾಡುಗುಡ್ಡವೇ ಬೇರೆ. ಊರು, ನೆಲ, ಹೂವಿನ ಬಣ್ಣ, ಸ್ಥಳೀಯರು ಹೇಳುವ ಹೆಸರು, ಈ ನಾಲ್ಕೂ ಇರುವ ಒಂದು ಚೀಟಿಯು ಶಾಸ್ತ್ರಜ್ಞನಿಗೂ ನಿಘಂಟುಕಾರನಿಗೂ ಸಮಾನವಾಗಿ ಪ್ರಮಾಣವಾಗುತ್ತದೆ. ಅಂತಹ ಚೀಟಿಯಿಲ್ಲದೆ ಎಕ್ಕಕ್ಕೆ ಒಂದೇ ಲ್ಯಾಟಿನ್ ಹೆಸರನ್ನು ಕೊಟ್ಟು ಬರೆಯುವ ಟಿಪ್ಪಣಿಯು ಊಹೆಯೇ ಹೊರತು ನಿರ್ಣಯವಲ್ಲ.