ಮೊದಲು ಅಡ್ರಿನಲಿನ್, ಆಮೇಲೆ ಅವಿಲ್

ಜೇನು ಕಚ್ಚಿ ಮೈಯೆಲ್ಲ ಗಂಧೆ ಎದ್ದರೆ ಒಂದು ಅವಿಲ್ ಮಾತ್ರೆ ಸಾಕಲ್ಲವೇ ಎಂದು ಓದುಗರೊಬ್ಬರು ಕೇಳಿದ್ದಾರೆ. ಬರೀ ಗಂಧೆ, ನವೆ ಆಗಿದ್ದರೆ ಸಾಕಾಗಬಹುದು. ಅದರ ಜೊತೆಗೆ ದನಿ ಗೊಗ್ಗರಾದರೆ, ಉಬ್ಬಸ ಬಂದರೆ, ಮತ್ತೆ ಮತ್ತೆ ವಾಂತಿಯಾದರೆ, ಕಣ್ಣು ಕತ್ತಲಿಟ್ಟರೆ ಅದು ಅನಫಿಲ್ಯಾಕ್ಸಿಸ್, ಅಂದರೆ ಜೀವಕ್ಕೇ ಎರವಾಗಬಲ್ಲ ತೀವ್ರ ಅಲರ್ಜಿ. ಆಗ ಮೊದಲ ಮದ್ದು ಅಡ್ರಿನಲಿನ್ ಚುಚ್ಚುಮದ್ದು, ಮಿಕ್ಕಿದ್ದೆಲ್ಲ ಆಮೇಲೆ. ಕೆಲವರಲ್ಲಿ ಗಂಧೆ ಏಳದೆಯೇ ರಕ್ತದೊತ್ತಡ ಕುಸಿಯುವುದೂ ಉಂಟು.

ಈ ಅವಸರ ಎಂಥದ್ದೆಂದು ಫ್ರಾನ್ಸಿನ ಚಾರ್ಲ್ಸ್ ರಿಶೆ ಮತ್ತು ಪಾಲ್ ಪೋರ್ಟಿಯೆ ಕಂಡದ್ದು ನೂರಿಪ್ಪತ್ತು ವರ್ಷಗಳ ಹಿಂದೆ. 1901ರಲ್ಲಿ ಮೊನಾಕೊದ ರಾಜ ಒಂದನೇ ಆಲ್ಬರ್ಟನ ಹಡಗಿನಲ್ಲಿ ಸಮುದ್ರಜೀವಿಗಳ ವಿಷದ ಅಧ್ಯಯನ ಆರಂಭಿಸಿದ ಅವರು, ಪ್ಯಾರಿಸ್ಸಿಗೆ ಮರಳಿ ನಾಯಿಗಳ ಮೇಲೆ ಪ್ರಯೋಗ ಮುಂದುವರಿಸಿದರು. ನೆಪ್ಚೂನ್ ಎಂಬ ನಾಯಿ ಮೊದಲ ಸಲದ ವಿಷವನ್ನು ತಾಳಿಕೊಂಡಿತು. ಕೆಲವು ವಾರಗಳ ಬಳಿಕ ಮತ್ತೆ ಕೊಟ್ಟಾಗ ಏದುಸಿರು ಬಿಟ್ಟು, ರಕ್ತ ವಾಂತಿ ಮಾಡಿಕೊಂಡು, 25 ನಿಮಿಷಗಳಲ್ಲಿ ಸತ್ತಿತು. ಒಮ್ಮೆ ಸೋಕಿದ ವಿಷ ಮೈಯನ್ನು ಗಟ್ಟಿ ಮಾಡುತ್ತದೆಂಬ ನಂಬಿಕೆಯನ್ನೇ ಅದು ತಲೆಕೆಳಗು ಮಾಡಿತು. ಈ ಕೆಲಸಕ್ಕೆ ರಿಶೆಗೆ 1913ರಲ್ಲಿ ನೊಬೆಲ್ ಬಂತು.

ಇಂಥ ಅಲರ್ಜಿಯಲ್ಲಿ ಮಾಸ್ಟ್ ಕೋಶಗಳೆಂಬ ರೋಗನಿರೋಧಕ ಕೋಶಗಳು ಹೊರಸೂಸುವುದು ಹಿಸ್ಟಮಿನ್ ಒಂದನ್ನೇ ಅಲ್ಲ. ಹತ್ತಾರು ರಾಸಾಯನಿಕಗಳು ಒಟ್ಟಿಗೇ ನುಗ್ಗಿ ರಕ್ತನಾಳ ಸಡಿಲಿಸುತ್ತವೆ, ಶ್ವಾಸನಾಳ ಬಿಗಿಯುತ್ತವೆ. ಅವಿಲ್ ತಡೆಯುವುದು ಹಿಸ್ಟಮಿನ್ನಿನ ಕೆಲಸವನ್ನು ಮಾತ್ರ: ಏರಿ ನಾಲ್ಕು ಕಡೆ ಒಡೆದಾಗ ಒಂದು ತೂಬು ಮುಚ್ಚಿದಂತೆ. ಸ್ಟೆರಾಯ್ಡ್ ಕೆಲಸ ಶುರುಮಾಡಲು ಗಂಟೆಗಳೇ ಬೇಕು. ಅಡ್ರಿನಲಿನ್ ನಾಳಗಳನ್ನು ಬಿಗಿದು, ಉಸಿರಿನ ದಾರಿ ತೆರೆದು, ಮಾಸ್ಟ್ ಕೋಶಗಳನ್ನೂ ತಡೆಯುತ್ತದೆ. ಅವಿಲ್ ಕೊಟ್ಟ ಮೇಲೆ ಗಂಧೆ ಇಳಿಯಿತಲ್ಲ ಎನ್ನುವವರಿದ್ದಾರೆ. ಚರ್ಮ ತಣ್ಣಗಾದರೂ ಒತ್ತಡ ಕುಸಿಯುತ್ತಲೇ ಇರಬಹುದು. ಅಡ್ರಿನಲಿನ್ ಹೃದಯಕ್ಕೆ ಅಪಾಯವಲ್ಲವೇ ಎಂಬ ಅಂಜಿಕೆ ಹುಟ್ಟಿದ್ದು ಹೆಚ್ಚಾಗಿ ರಕ್ತನಾಳಕ್ಕೆ ಕೊಟ್ಟಾಗಿನ, ಪ್ರಮಾಣ ತಪ್ಪಿದಾಗಿನ ತೊಂದರೆಗಳಿಂದ. ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ, ಕಿಲೋ ತೂಕಕ್ಕೆ 0.01 ಮಿಲಿಗ್ರಾಂನಂತೆ, ವಯಸ್ಕರಿಗೆ ಹೆಚ್ಚೆಂದರೆ 0.5 ಮಿಲಿಗ್ರಾಂ ಕೊಟ್ಟರೆ ಅಪಾಯ ಬಹಳ ಕಡಿಮೆ. ತಡಮಾಡುವುದೇ ಹೆಚ್ಚು ಅಪಾಯ. ಗುಣ ಕಾಣದಿದ್ದರೆ 5ರಿಂದ 15 ನಿಮಿಷಕ್ಕೆ ಮತ್ತೊಮ್ಮೆ ಕೊಡುತ್ತಾರೆ. ಅಷ್ಟರೊಳಗೆ 108ಕ್ಕೆ ಕರೆಮಾಡಿ, ರೋಗಿಯನ್ನು ಮಲಗಿಸಿ ಕಾಲು ಎತ್ತರಿಸಿ. ಉಬ್ಬಸವಿದ್ದರೆ ಕೂರಿಸಿ, ಎಬ್ಬಿಸಿ ನಡೆಸಬೇಡಿ. ಗುಣವಾದ ಮೇಲೂ ಗಂಟೆಗಳ ನಂತರ ಮರುಕಳಿಸಬಹುದಾದ್ದರಿಂದ ಆಸ್ಪತ್ರೆಯಲ್ಲೇ ಇರಬೇಕು. ಇಷ್ಟು ಅಗ್ಗದ ಮದ್ದು ಎಮರ್ಜೆನ್ಸಿ ಟ್ರೇಯಲ್ಲಿದ್ದೂ ಎರಡನೆಯ ಸರದಿಗೆ ಕಾಯುವುದಕ್ಕೆ ವೈಜ್ಞಾನಿಕ ಕಾರಣವೇ ಇಲ್ಲ.